ಬಟಾಣಿ ಬೇಳೆ, ಹೊಗೆ, ಮರುಗ: ಪೋಲೆಂಡಿನ ಗ್ರೊಹುಫ್ಕಾ ಹದಕ್ಕೆ ಬರುವ ಬಗೆ

ಬಟಾಣಿ ಬೇಳೆ, ಹೊಗೆ ಹಿಡಿಸಿದ ಮಾಂಸ, ನಾಲ್ಕಾರು ಗೆಡ್ಡೆ ತರಕಾರಿ, ಆಲೂಗೆಡ್ಡೆ ಇವನ್ನೆಲ್ಲ ಒಂದೇ ಪಾತ್ರೆಗೆ ಸುರಿದು ನೀರೆರೆದು ಕುದಿಸಿದರೆ ಪೋಲೆಂಡಿನ ಗ್ರೊಹುಫ್ಕಾ ಎಂಬ ಸೂಪು ಸಿದ್ಧವಾಗುತ್ತದೆ ಎಂದು ಮೇಲ್ನೋಟಕ್ಕೆ ತೋರುತ್ತದೆ. ಹಾಗೆ ಮಾಡಿದವರ ಪಾತ್ರೆಯಲ್ಲಿ ಕಾಣುವುದು ಸಾಮಾನ್ಯವಾಗಿ ಬೇರೆಯೇ: ಆಲೂಗೆಡ್ಡೆ ಕರಗಿ ಹೋಗಿ ಬೇಳೆ ಮಾತ್ರ ಇನ್ನೂ ಹಲ್ಲಿಗೆ ಸಿಗುತ್ತಿರುತ್ತದೆ, ಇಲ್ಲವೇ ಬೇಳೆ ಬೆಂದಿದ್ದರೂ ತಳ ಹತ್ತಿ, ಹೊಗೆಯ ಪರಿಮಳ ಇರಬೇಕಾದಲ್ಲಿ ಸೀದ ವಾಸನೆ ಕುಳಿತಿರುತ್ತದೆ. ಈ ಅಡುಗೆಗೆ ಕೈಚಳಕ ಹೆಚ್ಚು ಬೇಕಿಲ್ಲ. ಯಾವುದು ಯಾವಾಗ ಪಾತ್ರೆಗೆ ಇಳಿಯಬೇಕು ಎಂಬ ಕ್ರಮ ಗೊತ್ತಿರಬೇಕು, ಆ ಕ್ರಮ ಹಾಗೇಕಿದೆ ಎಂಬುದೂ ಗೊತ್ತಿದ್ದರೆ ಸಾಮಗ್ರಿ ಹೆಚ್ಚುಕಡಿಮೆಯಾದಾಗಲೂ ಸೂಪು ಕೆಡುವುದಿಲ್ಲ.

ಪೋಲಿಷ್ ಭಾಷೆಯಲ್ಲಿ ‘ಗ್ರೊಹ್’ ಎಂದರೆ ಬಟಾಣಿ, ಅದರಿಂದ ಮಾಡಿದ್ದು ಗ್ರೊಹುಫ್ಕಾ. ಮನೆಯಲ್ಲಿ ಎಷ್ಟೇ ಮಾಡಿದರೂ ಈ ಸೂಪಿಗೆ ಸೈನ್ಯದ ಹೆಸರು ಅಂಟಿಕೊಂಡಿದೆ. ‘ಗ್ರೊಹುಫ್ಕಾ ವೊಯ್ಸ್ಕೋವಾ’, ಅಂದರೆ ಸೈನ್ಯದ ಬಟಾಣಿ ಸೂಪು ಎಂದೇ ಅದನ್ನು ಕರೆಯುವುದು ರೂಢಿ. ಪೋಲೆಂಡ್ 1918ರಲ್ಲಿ ಮರಳಿ ಸ್ವತಂತ್ರವಾದುದರ ನೆನಪಿಗೆ ನವೆಂಬರ್ 11ರಂದು ನಡೆಯುವ ಸಮಾರಂಭಗಳಲ್ಲಿಯೂ ಊರಹಬ್ಬಗಳಲ್ಲಿಯೂ ಗಾಲಿಯ ಮೇಲೆ ಕೂರಿಸಿದ ಸೈನಿಕ ಒಲೆಯ ಹಂಡೆಯಿಂದ ಇದನ್ನು ಬಡಿಸುವುದುಂಟು. ಚಳಿಗೆ ಕೈ ಉಜ್ಜುತ್ತಾ ಸಾಲಿನಲ್ಲಿ ನಿಂತು, ಒಂದು ತುಂಡು ರೈ ಬ್ರೆಡ್ಡಿನೊಡನೆ ಅಲ್ಲೇ ನಿಂತು ಉಣ್ಣುವ ಊಟವಿದು.

ಸೈನ್ಯಕ್ಕೂ ಬಟಾಣಿಗೂ ಇರುವ ನಂಟಿಗೆ ಕಾರಣ ಸರಳವಾಗಿದೆ. ಒಣಗಿದ ಬಟಾಣಿ ತಿಂಗಳುಗಟ್ಟಲೆ ಕೆಡುವುದಿಲ್ಲ, ತೂಕದ ಸುಮಾರು ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನ್ ಅದರಲ್ಲಿದೆ, ಹೊಗೆ ಹಿಡಿಸಿದ ಮಾಂಸಕ್ಕೆ ಮಂಜುಗಡ್ಡೆ ಬೇಕಿಲ್ಲ, ಎಲ್ಲವೂ ಒಂದೇ ಹಂಡೆಯಲ್ಲಿ ಬೇಯುತ್ತದೆ. ಈ ಲೆಕ್ಕಾಚಾರ ಪೋಲೆಂಡಿನದು ಮಾತ್ರವಲ್ಲ. ಬರ್ಲಿನ್ನಿನ ಗ್ರೂನೆಬೆರ್ಗ್ ಎಂಬ ಬಾಣಸಿಗ 1867ರಲ್ಲಿ ಬಟಾಣಿ ಹಿಟ್ಟು, ಕೊಬ್ಬು, ಮಸಾಲೆಗಳನ್ನು ಒತ್ತಿ ಉರುಳೆಯಾಗಿಸಿದ ‘ಎರ್ಬ್ಸ್‌ವುರ್ಸ್ಟ್’ ಎಂಬ ದಿಢೀರ್ ಸೂಪನ್ನು ಸಿದ್ಧಪಡಿಸಿದ. ಫ್ರಾನ್ಸಿನೊಡನೆ ನಡೆದ 1870–71ರ ಯುದ್ಧದಲ್ಲಿ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಸೈನಿಕರು ಅದನ್ನು ಬಿಸಿನೀರಿನಲ್ಲಿ ಕರಗಿಸಿ ಉಂಡರು. ಆ ಕಾಲಕ್ಕೆ ಪೋಲೆಂಡ್ ಎಂಬ ರಾಷ್ಟ್ರ ನಕಾಶೆಯಲ್ಲಿರಲಿಲ್ಲ. 1795ರಿಂದ 1918ರವರೆಗೆ ಅದನ್ನು ಪ್ರಷ್ಯಾ, ರಷ್ಯಾ, ಆಸ್ಟ್ರಿಯಾಗಳು ಹಂಚಿಕೊಂಡಿದ್ದವು, ಪೋಲಿಷ್ ಯುವಕರು ಆ ಮೂರೂ ಸೈನ್ಯಗಳಲ್ಲಿ ದುಡಿದರು. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಇಂದಿಗೂ ಗುರುವಾರವೆಂದರೆ ಬಟಾಣಿ ಸೂಪಿನ ದಿನ. ಉತ್ತರ ಯುರೋಪಿನ ಈ ಸೂಪುಗಳ ದೊಡ್ಡ ಕುಟುಂಬದಲ್ಲಿ ಗ್ರೊಹುಫ್ಕಾವನ್ನು ಬೇರೆಯಾಗಿ ಗುರುತಿಸುವುದು ಧಾರಾಳವಾಗಿ ಬೀಳುವ ಒಂದು ಸೊಪ್ಪು. ಅದರ ಮಾತು ಮುಂದೆ ಬರುತ್ತದೆ.

ಮೊದಲು ಬೇಳೆಯ ವಿಚಾರ. ಇದಕ್ಕೆ ಬೇಕಾದದ್ದು ಸಿಪ್ಪೆ ತೆಗೆದು ಎರಡು ಹೋಳಾಗಿಸಿದ ಹಳದಿ ಒಣಬಟಾಣಿ, ನಮ್ಮ ಅಂಗಡಿಗಳ ಬಟಾಣಿ ಬೇಳೆ. ಕಡಲೆಬೇಳೆಯೊಡನೆ ಇದನ್ನು ಅದಲುಬದಲು ಮಾಡಿಕೊಳ್ಳುವುದು ಬಹಳ ಸುಲಭ, ಎಷ್ಟೋ ಕಡೆ ಕಡಲೆಬೇಳೆಗೆ ಕಲಬೆರಕೆಯಾಗಿ ಸೇರುವುದೂ ಇದೇ. ಕೈಯಲ್ಲಿ ಹಿಡಿದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಬಟಾಣಿಯ ಹೋಳು ನುಣುಪಾದ ಅರ್ಧಗೋಲ, ಕಡಲೆಯ ಹೋಳು ಕೊಂಚ ಉದ್ದವಾಗಿದ್ದು ಮೇಲ್ಮೈ ಸ್ವಲ್ಪ ಸುಕ್ಕಾಗಿರುತ್ತದೆ. ಈ ಸೂಪಿಗೆ ಕಡಲೆಬೇಳೆ ಆಗುವುದಿಲ್ಲ. ಎಷ್ಟು ಬೆಂದರೂ ಅದು ಬಟಾಣಿಯಂತೆ ತಾನಾಗಿ ಕರಗಿ ಮಂದವಾಗುವುದಿಲ್ಲ. ಹಸಿರು ಒಣಬಟಾಣಿಯ ಬೇಳೆಯಿಂದ ಮಾಡಬಹುದು, ರುಚಿ ಕೊಂಚ ಬೇರೆಯಾಗುತ್ತದೆ, ಬಣ್ಣ ಮಾಸಲಾಗುತ್ತದೆ. ಬಟಾಣಿಯ ಹಳದಿ, ಹಸಿರುಗಳ ಹಿಂದೆ ಒಂದು ದೊಡ್ಡ ಕಥೆಯೇ ಇದೆ: ಪೋಲೆಂಡಿನ ನೆರೆಯಲ್ಲಿರುವ ಬ್ರ್ನೋ ನಗರದ ಮಠದ ತೋಟದಲ್ಲಿ ಮೆಂಡೆಲ್ ತಳಿಗುಣಗಳ ನಿಯಮ ಕಂಡುಕೊಂಡು 1866ರಲ್ಲಿ ಪ್ರಕಟಿಸಿದ್ದು ಇದೇ ಬಣ್ಣಗಳ ಲೆಕ್ಕ ಹಾಕುತ್ತಾ. ಹಸಿರು ಬಟಾಣಿ ಹಣ್ಣಾಗುವಾಗ ತನ್ನ ಪತ್ರಹರಿತ್ತನ್ನು ಒಡೆದು ಹಾಕಲಾರದೆ ಹಸಿರಾಗಿಯೇ ಉಳಿಯುತ್ತದೆ, ಹಳದಿಯದು ಒಡೆದು ಹೋಗುತ್ತದೆ.

ಒಣ ಬಟಾಣಿಯ ಗಟ್ಟಿತನ ಪೋಲಿಷ್ ನುಡಿಗಟ್ಟಿನಲ್ಲೂ ಇದೆ. ಎಷ್ಟು ಹೇಳಿದರೂ ಕೇಳದವರಿಗೆ ಬುದ್ಧಿ ಹೇಳುವುದನ್ನು ಅವರು ‘ಗೋಡೆಗೆ ಬಟಾಣಿ ಎಸೆದಂತೆ’ ಎನ್ನುತ್ತಾರೆ. ನಾವು ಬೋರ್ಗಲ್ಲ ಮೇಲೆ ಮಳೆ ಸುರಿದಂತೆ ಎನ್ನುವ ಸಂದರ್ಭವದು. ಈ ಗಟ್ಟಿ ಕಾಳು ಮೆತ್ತಗಾಗುವುದು ಹೇಗೆ ಎಂಬುದೇ ಇಡೀ ಅಡುಗೆಯ ಬೀಗದ ಕೈ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ವಸ್ತು. ಬಿಸಿನೀರಿನಲ್ಲಿ ಅದು ಕರಗಿದಾಗ ಕೋಶಗಳು ಬಿಡಿಬಿಡಿಯಾಗುತ್ತವೆ, ಬೇಳೆ ‘ಒಡೆಯುತ್ತದೆ’. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಪೆಕ್ಟಿನ್ನಿನ ಎಳೆಗಳನ್ನು ಬಿಗಿಯಾಗಿ ಹೆಣೆಯುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಗರಿಬೇಳೆ ಬೇಯಿಸಿ ಬೇಸತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಳಿಯೂ ಇದೇ ಕೆಲಸ ಮಾಡುತ್ತದೆ. ಬೇಳೆ ಬೆಂದ ಮೇಲೆಯೇ ಹುಣಸೆರಸ ಹಾಕಬೇಕೆಂಬ ನಮ್ಮ ಅಡುಗೆಮನೆಯ ಕಟ್ಟಳೆಯ ಹಿಂದಿನ ಕಾರಣವೂ ಅದೇ. ಗ್ರೊಹುಫ್ಕಾಕ್ಕೆ ಹುಳಿ ಹಾಕುವ ಪದ್ಧತಿ ಇಲ್ಲ, ಟೊಮೆಟೊ ಸೇರಿಸುವ ಹಂಬಲವನ್ನೂ ತಡೆದುಕೊಳ್ಳುವುದು ಒಳ್ಳೆಯದು.

ಉಪ್ಪಿನ ಬಗ್ಗೆ ಮಾತ್ರ ತಪ್ಪು ತಿಳಿವಳಿಕೆ ಇದೆ. ಉಪ್ಪು ಹಾಕಿದರೆ ಬೇಳೆ ಬೇಯುವುದಿಲ್ಲ ಎಂದು ಪೋಲೆಂಡಿನ ಅಜ್ಜಿಯರೂ ಹೇಳುತ್ತಾರೆ, ನಮ್ಮ ಅಜ್ಜಿಯರೂ ಹೇಳುತ್ತಾರೆ. ಆದರೆ ಉಪ್ಪಿನ ಸೋಡಿಯಂ ಪೆಕ್ಟಿನ್ನಿನಲ್ಲಿರುವ ಕ್ಯಾಲ್ಸಿಯಮ್ಮನ್ನು ಸ್ವಲ್ಪ ಮಟ್ಟಿಗೆ ಹೊರದೂಡುವುದರಿಂದ, ನೆನೆಹಾಕುವ ನೀರಿಗೆ ಹಾಕಿದ ಉಪ್ಪು ಕಾಳನ್ನು ಮೆತ್ತಗಾಗಿಸಲು ನೆರವಾಗುತ್ತದೆಯೇ ಹೊರತು ತಡೆಯುವುದಿಲ್ಲ. ಈ ಸೂಪಿಗೆ ಉಪ್ಪನ್ನು ಕೊನೆಯಲ್ಲಿ ಹಾಕಬೇಕೆಂಬ ನಿಯಮ ಸರಿಯಾದದ್ದೇ, ಕಾರಣ ಮಾತ್ರ ಬೇರೆ: ಹೊಗೆ ಹಿಡಿಸಿದ ಮಾಂಸ ತಾನೇ ಬೇಕಾದಷ್ಟು ಉಪ್ಪು ಬಿಡುತ್ತದೆ, ಸೂಪು ಕುದಿದು ಬತ್ತಿದಂತೆ ಆ ಉಪ್ಪು ಮೇಲೇಳುತ್ತದೆ. ನೀರು ಬಹಳ ಗಡಸಾಗಿದ್ದರೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಬಹುದು. ಹೆಚ್ಚಾದರೆ ಸಾಬೂನಿನ ಒಗರು ಬರುತ್ತದೆ, ಬಿ1 ಜೀವಸತ್ವವೂ ನಾಶವಾಗುತ್ತದೆ.

ಸಿಪ್ಪೆ ಇಲ್ಲದ ಬೇಳೆಯನ್ನು ನೆನೆಹಾಕಲೇಬೇಕೆಂದಿಲ್ಲ. ನೆನೆಸಿದರೆ ಮುಕ್ಕಾಲು ಗಂಟೆಯಲ್ಲಿ ಬೇಯುವುದು ನೆನೆಸದಿದ್ದರೆ ಒಂದರಿಂದ ಒಂದೂವರೆ ಗಂಟೆ ತೆಗೆದುಕೊಳ್ಳುತ್ತದೆ, ಅಷ್ಟೇ. ಆದರೆ ಹೊಟ್ಟೆಯುಬ್ಬರದ ಭಯವಿರುವವರು ಆರೆಂಟು ಗಂಟೆ ನೆನೆಸಿ ಆ ನೀರನ್ನು ಚೆಲ್ಲುವುದು ಲೇಸು. ಬಟಾಣಿಯಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನ ಕರುಳಿನಲ್ಲಿಲ್ಲ. ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸಿ ವಾಯು ಮಾಡುತ್ತವೆ. ನೆನೆಸಿದ ನೀರಿನೊಡನೆ ಆ ಸಕ್ಕರೆಯ ಒಂದು ಪಾಲು ಹೊರಹೋಗುತ್ತದೆ. ಆ ನೀರಿನಲ್ಲಿಯೇ ಬೇಯಿಸಿದರೆ ರುಚಿ ಹೆಚ್ಚು ಎನ್ನುವ ಪೋಲಿಷ್ ಗೃಹಿಣಿಯರೂ ಇದ್ದಾರೆ. ಬೇಳೆಗೆ ನನ್ನ ಮತ ಚೆಲ್ಲುವುದರ ಕಡೆಗೇ. ವರ್ಷಗಟ್ಟಲೆ ಬಿಸಿಲು, ತೇವಗಳಲ್ಲಿ ಬಿದ್ದಿದ್ದ ಹಳೆಯ ಬೇಳೆಯನ್ನಂತೂ ಎಷ್ಟು ನೆನೆಸಿದರೂ ಪ್ರಯೋಜನ ಕಡಿಮೆ. ಅದು ಒಳಗಿನಿಂದಲೇ ಗಡಸಾಗಿರುತ್ತದೆ.

ಎರಡನೆಯದು ಹೊಗೆ. ಪೋಲೆಂಡಿನಲ್ಲಿ ಹಂದಿಯ ಪಕ್ಕೆಲುಬು, ಹೊಟ್ಟೆಭಾಗದ ಕೊಬ್ಬಿನ ಮಾಂಸ, ‘ಕ್ಯೆವ್‌ಬಾಸಾ’ ಎಂಬ ಸಾಸೇಜು ಇವನ್ನು ಬೀಚ್, ಆಲ್ಡರ್ ಮುಂತಾದ ಮರಗಳ ಹೊಗೆಯಲ್ಲಿ ಇಡುತ್ತಾರೆ. ಕೊಡಗಿನ ಹಳೆಯ ಮನೆಗಳಲ್ಲಿ ಒಲೆಯ ಮೇಲೆ ತೂಗುಹಾಕಿ ಒಣಗಿಸುತ್ತಿದ್ದ ಮಾಂಸವನ್ನು ಬಲ್ಲವರಿಗೆ ಇದರ ಪರಿಮಳದ ಅಂದಾಜು ಇರುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಸುಟ್ಟಾಗ ಹುಟ್ಟುವ ಗ್ವಾಯಕಾಲ್, ಸಿರಿಂಗಾಲ್ ಎಂಬ ಫೀನಾಲ್ ಬಗೆಯ ರಾಸಾಯನಿಕಗಳೇ ಆ ಪರಿಮಳದ ಮುಖ್ಯ ಮೂಲ. ಅವು ಕೊಬ್ಬಿನಲ್ಲಿ ಚೆನ್ನಾಗಿ ನಿಲ್ಲುತ್ತವೆ, ನಿಧಾನವಾಗಿ ನೀರಿಗೂ ಇಳಿಯುತ್ತವೆ. ಆದುದರಿಂದ ಮೂಳೆಯಿರುವ ಪಕ್ಕೆಲುಬು ಮೊಟ್ಟಮೊದಲು, ತಣ್ಣೀರಿನಲ್ಲಿಯೇ ಪಾತ್ರೆಗೆ ಬೀಳಬೇಕು. ಒಂದು ಗಂಟೆಯ ಮಂದ ಕುದಿಯಲ್ಲಿ ಅದರಲ್ಲಿರುವ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಕರಗಿ ಅಂಟಾದ ಜಿಲೆಟಿನ್ ಆಗುತ್ತದೆ, ಸೂಪಿಗೆ ತುಟಿಗೆ ಅಂಟುವಂಥ ಮೈ ಬರುತ್ತದೆ. ಸಾಸೇಜಿನದು ಇದಕ್ಕೆ ತದ್ವಿರುದ್ಧ. ಅದು ಆಗಲೇ ಬೆಂದಿರುವುದರಿಂದ ಹೆಚ್ಚು ಕುದಿಸಿದರೆ ಸಾರವೆಲ್ಲ ನೀರಿಗೆ ಬಿಟ್ಟು ರಬ್ಬರಿನಂತಾಗುತ್ತದೆ. ಅದನ್ನು ಬಿಲ್ಲೆಗಳಾಗಿ ಕತ್ತರಿಸಿ ಕೆಂಪಗೆ ಹುರಿದು ಕೊನೆಯ ಹತ್ತು ನಿಮಿಷಕ್ಕೆ ಸೇರಿಸಬೇಕು.

ತರಕಾರಿಗಳಿಗೆ ಪೋಲಿಷರು ‘ವ್ವೊಶ್ಚಿಜ್ನಾ’ ಎಂಬ ಒಟ್ಟು ಹೆಸರಿಟ್ಟಿದ್ದಾರೆ. ಅದರ ಅರ್ಥ ‘ಇಟಲಿಯ ಸಾಮಾನು’. ಕ್ಯಾರೆಟ್, ಪಾರ್ಸ್ಲಿ ಬೇರು, ಸೆಲರಿ ಗೆಡ್ಡೆ, ಈರುಳ್ಳಿಯ ಬಳಗದ ಲೀಕ್ ಇವನ್ನು ಒಂದೇ ಕಟ್ಟಾಗಿ ಅಂಗಡಿಗಳಲ್ಲಿ ಮಾರುತ್ತಾರೆ. 1518ರಲ್ಲಿ ದೊರೆ ಮೊದಲನೆಯ ಜಿಗ್ಮುಂಟನನ್ನು ಮದುವೆಯಾಗಿ ಬಂದ ಇಟಲಿಯ ಬೋನಾ ಸ್ಫೋರ್ಜಾ ಈ ತರಕಾರಿಗಳನ್ನು ತಂದಳೆಂಬುದು ಜನಜನಿತ ನಂಬಿಕೆ. ಪಾರ್ಸ್ಲಿ ಬೇರು ನೋಡಲು ಬಿಳಿ ಕ್ಯಾರೆಟ್ಟಿನಂತಿರುತ್ತದೆ. ನಮ್ಮಲ್ಲಿ ಅದು ಸಿಗುವುದು ಕಷ್ಟ. ಸಿಗದಿದ್ದರೆ ಸೆಲರಿಯ ದಂಟು, ಪಾರ್ಸ್ಲಿಯ ಕಾಂಡಗಳನ್ನು ದಾರದಲ್ಲಿ ಕಟ್ಟಿ ಹಾಕಿ ಕೊನೆಗೆ ತೆಗೆದರೆ ಪರಿಮಳಕ್ಕೆ ಸಾಕು. ಮೂಲಂಗಿ ಹಾಕುವುದು ಬೇಡ, ಅದು ತನ್ನ ವಾಸನೆಯಿಂದ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಮಸಾಲೆಯಲ್ಲಿ ಎರಡು ಕಡೆ ಎಡವುವ ಸಂಭವವಿದೆ. ಪೋಲೆಂಡಿನಲ್ಲಿ ಬಳಸುವುದು ಲಾರೆಲ್ ಮರದ ಎಲೆ. ನಮ್ಮ ಪಲಾವ್ ಎಲೆ ದಾಲ್ಚಿನ್ನಿಯ ಬಳಗದ್ದು, ಅದರಲ್ಲಿ ಉದ್ದಕ್ಕೆ ಮೂರು ನರಗಳಿರುತ್ತವೆ. ಲಾರೆಲ್ ಎಲೆಗೆ ಇರುವುದು ನಡುವಿನ ಒಂದೇ ನರ. ಪಲಾವ್ ಎಲೆ ಹಾಕಿದರೆ ಸೂಪಿಗೆ ಬಿರಿಯಾನಿಯ ನೆರಳು ಬೀಳುತ್ತದೆ. ಇನ್ನೊಂದು ಆಲ್‌ಸ್ಪೈಸ್. ಹೆಸರು ಕೇಳಿ ಅದನ್ನು ಗರಂ ಮಸಾಲೆಯಂಥ ಮಿಶ್ರಣವೆಂದು ತಿಳಿಯುವವರುಂಟು. ಅದು ಕೆರಿಬಿಯನ್ ಮೂಲದ ಒಂದು ಮರದ ಒಣಗಿದ ಕಾಯಿ, ಲವಂಗ, ಜಾಯಿಕಾಯಿ, ದಾಲ್ಚಿನ್ನಿಗಳನ್ನು ಒಟ್ಟಿಗೆ ನೆನಪಿಸುವಂಥದ್ದು. ಪೋಲಿಷರು ಅದನ್ನು ‘ಇಂಗ್ಲಿಷ್ ಮೂಲಿಕೆ’ ಎಂದು ಕರೆಯುತ್ತಾರೆ. ಇಡಿಯಾಗಿ ನಾಲ್ಕು ಕಾಳು ಹಾಕಿದರೆ ಸಾಕು.

ಈಗ ಅಳತೆ ಮತ್ತು ಕ್ರಮ. ಆರು ಜನಕ್ಕೆ ಅರ್ಧ ಕಿಲೊ ಬಟಾಣಿ ಬೇಳೆ, ಎರಡೂವರೆ ಲೀಟರ್ ನೀರು, ಅರ್ಧ ಕಿಲೊ ಹೊಗೆ ಹಿಡಿಸಿದ ಪಕ್ಕೆಲುಬು, 150 ಗ್ರಾಂ ಹೊಗೆ ಹಿಡಿಸಿದ ಕೊಬ್ಬಿನ ಮಾಂಸ, 250 ಗ್ರಾಂ ಸಾಸೇಜು, ಎರಡು ಕ್ಯಾರೆಟ್, ಒಂದು ಪಾರ್ಸ್ಲಿ ಬೇರು, ಮುಷ್ಟಿಯಷ್ಟು ಸೆಲರಿ ಗೆಡ್ಡೆ, ಒಂದು ದೊಡ್ಡ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, 400 ಗ್ರಾಂ ಆಲೂಗೆಡ್ಡೆ ಬೇಕು. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಪಕ್ಕೆಲುಬು, ಎರಡು ಲಾರೆಲ್ ಎಲೆ, ಆಲ್‌ಸ್ಪೈಸ್ ಹಾಕಿ ತಣ್ಣೀರೆರೆದು ಸಣ್ಣ ಉರಿಯಲ್ಲಿ ಒಂದು ಗಂಟೆ ಇಡಬೇಕು. ಬಳಿಕ ತೊಳೆದ ಬೇಳೆಯನ್ನು ಹಾಕಿ, ಮೇಲೇಳುವ ನೊರೆಯನ್ನು ತೆಗೆಯುತ್ತಾ ಹೋಗಬೇಕು. ಅದು ಬೇಳೆಯ ಪ್ರೋಟೀನು, ಸಪೋನಿನ್‌ಗಳ ನೊರೆ. ಕೆಡುಕಿನದಲ್ಲ, ಉಕ್ಕಿ ಒಲೆಯ ಮೇಲೆ ಸುರಿಯುವುದೇ ಅದರ ಕಾಟ. ಅರ್ಧ ಗಂಟೆಯಲ್ಲಿ ಬೇಳೆಯ ಅಂಚುಗಳು ಕದಡತೊಡಗುತ್ತವೆ. ಆಲೂಗೆಡ್ಡೆ ಮತ್ತು ಗೆಡ್ಡೆ ತರಕಾರಿಗಳ ಸರದಿ ಅಲ್ಲಿಂದ ಶುರು, ಅದಕ್ಕೆ ಮುಂಚೆ ಅಲ್ಲ. ಬೇಳೆ ಬೇಯಲು ಬೇಕಾದ ಹೊತ್ತಿನ ಅರ್ಧದಷ್ಟರಲ್ಲಿ ಆಲೂಗೆಡ್ಡೆ ಬೆಂದುಬಿಡುವುದರಿಂದ ಎರಡನ್ನೂ ಒಟ್ಟಿಗೆ ಹಾಕಿದರೆ ಒಂದಕ್ಕೆ ಅನ್ಯಾಯ ಖಚಿತ.

ತರಕಾರಿ ಬೇಯುತ್ತಿರುವಾಗ ಬಾಣಲೆಯಲ್ಲಿ ಕೊಬ್ಬಿನ ಮಾಂಸದ ಸಣ್ಣ ಚೂರುಗಳನ್ನು ಅದರದೇ ಕೊಬ್ಬು ಕರಗುವವರೆಗೆ ಹುರಿದು, ಆ ಜಿಡ್ಡಿನಲ್ಲಿ ಈರುಳ್ಳಿಯನ್ನು ಹೊಂಬಣ್ಣಕ್ಕೆ ತಂದು, ಸಾಸೇಜನ್ನು ಕೆಂಪಗಾಗಿಸಿ ಎಲ್ಲವನ್ನೂ ಪಾತ್ರೆಗೆ ಮಗುಚಬೇಕು. ಇದು ಅವರ ಒಗ್ಗರಣೆ ಎಂದುಕೊಂಡರೆ ತಪ್ಪಿಲ್ಲ. ಪಕ್ಕೆಲುಬನ್ನು ಹೊರತೆಗೆದು ಮೂಳೆ ಬಿಡಿಸಿ ಮಾಂಸವನ್ನು ಮತ್ತೆ ಸೇರಿಸಬೇಕು. ಈ ಹಂತದಲ್ಲಿ ಕೈ ಬಿಡುವಂತಿಲ್ಲ, ಏಕೆಂದರೆ ಬೇಳೆಯಿಂದ ಹೊರಬಿದ್ದ ಪಿಷ್ಟ ಭಾರವಾಗಿ ತಳಕ್ಕಿಳಿದು ಅಲ್ಲಿಯೇ ಅಂಟಿ ಸೀಯತೊಡಗುತ್ತದೆ. ಮರದ ಸೌಟಿನಿಂದ ತಳ ಮುಟ್ಟಿ ಕಲಕುತ್ತಿರಬೇಕು. ಹಾಗೂ ಹತ್ತಿತೆಂದರೆ ಕೆರೆಯಲು ಹೋಗದೆ ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳುವುದೊಂದೇ ಉಪಾಯ.

ಕೊನೆಗೆ ಆ ಸೊಪ್ಪು. ಪೋಲಿಷರು ‘ಮಯೆರಾನೆಕ್’ ಎನ್ನುವ ಮಾರ್ಜೊರಮ್ ಬೇರೆ ಯಾವುದೂ ಅಲ್ಲ, ನಮ್ಮ ಮರುಗ. ಮಲ್ಲಿಗೆ ದಂಡೆಯ ನಡುನಡುವೆ ಕಟ್ಟಿ ಮುಡಿಯುವ, ದೇವರ ಮಾಲೆಗೆ ಸೇರಿಸುವ ಅದೇ ಗಿಡದ ಎಲೆ ಅಲ್ಲಿ ಒಣಗಿ ಸೂಪಿನ ಪಾತ್ರೆ ಸೇರುತ್ತದೆ. ನಾವು ಮೂಗಿಗೆ ಬಳಸುವುದನ್ನು ಅವರು ನಾಲಿಗೆಗೆ ಬಳಸುತ್ತಾರೆ. ಗ್ರೊಹುಫ್ಕಾಕ್ಕೆ ಅದು ಚಿಟಿಕೆಯಲ್ಲಿ ಬೀಳುವುದಿಲ್ಲ: ಮೇಲಿನ ಅಳತೆಗೆ ಒಣಗಿದ ಎಲೆ ಒಂದು ದೊಡ್ಡ ಚಮಚ ಪೂರ್ತಿ ಬೇಕು. ಅದರ ಪರಿಮಳ ಇರುವುದು ಬೇಗ ಆವಿಯಾಗುವ ಎಣ್ಣೆಯಲ್ಲಿ. ಮೊದಲೇ ಹಾಕಿ ಗಂಟೆಗಟ್ಟಲೆ ಕುದಿಸಿದರೆ ಅಡುಗೆಮನೆ ಘಮಘಮಿಸುತ್ತದೆ, ತಟ್ಟೆಗೆ ಬರುವಾಗ ಕಹಿಯಷ್ಟೇ ಉಳಿದಿರುತ್ತದೆ. ಒಲೆ ಆರಿಸುವ ಐದು ನಿಮಿಷ ಮುಂಚೆ ಅಂಗೈಗಳ ನಡುವೆ ಉಜ್ಜಿ ಪುಡಿಮಾಡಿ ನೇರವಾಗಿ ಪಾತ್ರೆಗೆ ಉದುರಿಸಬೇಕು. ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ ಆಗಲೇ ಸೇರಲಿ, ಉಪ್ಪಿನ ರುಚಿ ನೋಡುವುದೂ ಆಗಲೇ. ಕಾಳಿನ ಅಡುಗೆಯ ಭಾರವನ್ನು ಮರುಗ ಇಳಿಸುತ್ತದೆಂಬ ನಂಬಿಕೆ ಅಲ್ಲಿದೆ, ನಾವು ಇಂಗಿನ ಬಗ್ಗೆ ಹೇಳುವ ಹಾಗೆ. ಪೇಟೆಯ ಹೂವಿನ ಅಂಗಡಿಯ ಮರುಗಕ್ಕೆ ಕೀಟನಾಶಕ ಸಿಂಪಡಿಸಿರಬಹುದಾದ್ದರಿಂದ ಮನೆಯ ಕುಂಡದಲ್ಲಿ ಬೆಳೆದದ್ದನ್ನು ನೆರಳಿನಲ್ಲಿ ಒಣಗಿಸಿಕೊಳ್ಳುವುದು ಮೇಲು.

ಸೂಪು ಮಂದವಾಗಲಿಲ್ಲವೆಂದು ಜಿಡ್ಡಿನಲ್ಲಿ ಹುರಿದ ಮೈದಾ ಬೆರೆಸುವ ‘ಜಸ್ಮಾಷ್ಕಾ’ ಎಂಬ ಹಳೆಯ ಕ್ರಮವೂ ಪೋಲೆಂಡಿನಲ್ಲಿದೆ. ನೂರಾರು ಜನಕ್ಕೆ ಕಡಿಮೆ ಬೇಳೆಯಲ್ಲಿ ಹಂಚಬೇಕಾದ ಹಂಡೆಗೆ ಅದು ಅನಿವಾರ್ಯವಾಗಿದ್ದೀತು. ಮನೆಯ ಪಾತ್ರೆಯಲ್ಲಿ ಬೇಳೆ ಸಾಕಷ್ಟಿದ್ದು ಸರಿಯಾಗಿ ಬೆಂದಿದ್ದರೆ ಹಿಟ್ಟು ಬೇಕಾಗುವುದಿಲ್ಲ, ಹಾಕಿದರೆ ಬಟಾಣಿಯ ರುಚಿಯ ಮೇಲೆ ಹಿಟ್ಟಿನ ಪೊರೆ ಕೂರುತ್ತದೆ. ನೀರಾಗಿದೆಯೆನಿಸಿದರೆ ಎರಡು ಸೌಟು ಸೂಪನ್ನು ತೆಗೆದು ಕಡೆಗೋಲಿನಿಂದ ಮಸೆದು ಮರಳಿ ಸೇರಿಸಿದರೆ ಸಾಕು. ಪೂರ್ತಿ ರುಬ್ಬಿಬಿಡುವುದು ಇನ್ನೊಂದು ಅತಿ. ಅರ್ಧ ಕರಗಿದ ಬೇಳೆ, ಇಡಿಯಾಗಿ ಉಳಿದ ಆಲೂಗೆಡ್ಡೆ, ಅಗಿಯಲು ಸಿಗುವ ಮಾಂಸದ ಚೂರು ಇವು ಬೇರೆಬೇರೆಯಾಗಿ ಬಾಯಿಗೆ ಸಿಗಬೇಕು.

ಮಾಂಸ ತಿನ್ನದವರು ಇದನ್ನು ಮಾಡುವಂತಿಲ್ಲವೆಂದೇನೂ ಇಲ್ಲ. ಆದರೆ ಕಳೆದುಕೊಳ್ಳುವುದು ಏನೆಂದು ತಿಳಿದಿರಬೇಕು. ಹೋಗುವುದು ಮೂರು: ಹೊಗೆ, ಕೊಬ್ಬು, ಜಿಲೆಟಿನ್ನಿನ ಮೈ. ಹೊಗೆಗೆ ಹೊಗೆ ಹಿಡಿಸಿದ ಪ್ಯಾಪ್ರಿಕಾ ಪುಡಿಯನ್ನು ಬಿಸಿ ಎಣ್ಣೆಯಲ್ಲಿ ಕ್ಷಣಕಾಲ ಹುರಿದು ಹಾಕಬಹುದು, ಕೊಬ್ಬಿಗೆ ಬೆಣ್ಣೆ ಧಾರಾಳವಾಗಿರಲಿ, ಮೈಗೆ ಬೇಳೆಯನ್ನು ನೂರು ಗ್ರಾಂ ಹೆಚ್ಚಿಸಬೇಕು. ನೆನೆಸಿದ ಒಣ ಅಣಬೆಯ ನೀರು ಸೇರಿದರೆ ಮಾಂಸದ ಸಾರ ತುಂಬುತ್ತಿದ್ದ ಜಾಗ ಬಹುಮಟ್ಟಿಗೆ ತುಂಬುತ್ತದೆ; ಒಣ ಅಣಬೆ ಪೋಲೆಂಡಿನ ಅಡುಗೆಮನೆಗೆ ಹೊರಗಿನದೂ ಅಲ್ಲ.

ಪ್ರೆಷರ್ ಕುಕ್ಕರಿನಲ್ಲಿ ಬೇಳೆಯನ್ನಷ್ಟೇ ಬೇಯಿಸಿಕೊಂಡು ಉಳಿದದ್ದನ್ನು ತೆರೆದ ಪಾತ್ರೆಯಲ್ಲಿ ಮಾಡಬಹುದು. ಕುಕ್ಕರಿನ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಬಟಾಣಿಯ ನೊರೆ ಮೇಲೆದ್ದು ವಿಷಲ್ಲಿನ ರಂಧ್ರವನ್ನು ಕಟ್ಟಿಬಿಡುತ್ತದೆ. ಒಂದು ಚಮಚ ಎಣ್ಣೆ ನೊರೆಯನ್ನು ತಗ್ಗಿಸುತ್ತದೆ.

ಮರುದಿನ ಪಾತ್ರೆ ತೆರೆದರೆ ಸೂಪು ಚಾಕುವಿನಲ್ಲಿ ಕೊಯ್ಯುವಂತೆ ಗಟ್ಟಿಯಾಗಿರುತ್ತದೆ. ಬಟಾಣಿಯ ಪಿಷ್ಟದಲ್ಲಿ ಅಮೈಲೋಸ್ ಎಂಬ ನೇರ ಎಳೆಗಳ ಪ್ರಮಾಣ ಆಲೂಗೆಡ್ಡೆಯ ಪಿಷ್ಟಕ್ಕಿಂತ ಹೆಚ್ಚು. ತಣ್ಣಗಾದಾಗ ಅವು ಒತ್ತೊತ್ತಾಗಿ ಸಾಲುಗಟ್ಟಿ ನೀರನ್ನು ತಮ್ಮ ನಡುವೆ ಹಿಡಿದಿಟ್ಟುಕೊಳ್ಳುತ್ತವೆ. ಕೆಟ್ಟಿತೆಂದು ಗಾಬರಿಯಾಗದೆ ಬಿಸಿನೀರು ಎರೆದು ಸಣ್ಣ ಉರಿಯಲ್ಲಿ ಕಲಕುತ್ತಾ ಕಾಯಿಸಿದರೆ ಮೊದಲಿನ ಹದಕ್ಕೆ ಮರಳುತ್ತದೆ, ಹೊಗೆಯ ರುಚಿ ಅಷ್ಟರಲ್ಲಿ ಬೇಳೆಗೂ ಇಳಿದು ಹಿಂದಿನ ದಿನಕ್ಕಿಂತ ಒಂದು ಕೈ ಮೇಲಾಗಿಯೇ ಇರುತ್ತದೆ. ಎಚ್ಚರ ಬೇಕಾದದ್ದು ಅದಕ್ಕೂ ಮುಂಚಿನ ರಾತ್ರಿ. ಇಷ್ಟು ಮಂದವಾದ, ಮಾಂಸವಿರುವ ಸೂಪು ದೊಡ್ಡ ಪಾತ್ರೆಯಲ್ಲಿ ಬಹಳ ನಿಧಾನವಾಗಿ ಆರುತ್ತದೆ, ಆ ಉಗುರುಬೆಚ್ಚಗಿನ ಹೊತ್ತಿನಲ್ಲಿಯೇ ಬ್ಯಾಕ್ಟೀರಿಯಾ ಬೆಳೆಯುವುದು. ಉಳಿದದ್ದನ್ನು ಅಗಲವಾದ, ಆಳವಿಲ್ಲದ ಎರಡು ಮೂರು ಪಾತ್ರೆಗಳಿಗೆ ಹಂಚಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಫ್ರೀಜರಿನಲ್ಲಿ ತಿಂಗಳು ಇಡುವ ಇರಾದೆಯಿದ್ದರೆ ಆ ಪಾಲನ್ನು ಆಲೂಗೆಡ್ಡೆ ಹಾಕುವ ಮೊದಲೇ ತೆಗೆದಿರಿಸಿಕೊಳ್ಳಬೇಕು, ಹೆಪ್ಪುಗಟ್ಟಿ ಕರಗಿದ ಆಲೂಗೆಡ್ಡೆ ಮರಳುಮರಳಾಗುತ್ತದೆ. ಮತ್ತೆ ಕಾಯಿಸಿದಾಗ ಮರುಗವನ್ನು ಇನ್ನೊಂದು ಚಿಟಿಕೆ ಹೊಸದಾಗಿ ಉಜ್ಜಿ ಹಾಕಬೇಕಾಗುತ್ತದೆ.